ಚವದಾರ ಕೆರೆಯ ದಾವೆ: ನ್ಯಾಯವಾದಿ ಅಂಬೇಡ್ಕರ್

ಡಾ. ಬಾಬಾಸಾಹೇಬ ಅಂಬೇಡ್ಕರರನ್ನು ಸಂವಿಧಾನ ಶಿಲ್ಪಿಯೆಂದು ಬಲ್ಲ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ, ಅದಕ್ಕೂ ಎರಡು ದಶಕ ಮೊದಲು ಅವರು ಕಕ್ಷಿಗಾರರ ದಾರಿ ಕಾಯುತ್ತಿದ್ದ ವಕೀಲರಾಗಿದ್ದರೆಂಬುದು ತಿಳಿದಿರಲಾರದು.

1891ರ ಏಪ್ರಿಲ್ 14ರಂದು ಮಹೂ ದಂಡಿನಲ್ಲಿ ಜನಿಸಿದ ಭೀಮರಾವ್, ಕೊಲಂಬಿಯಾ ಹಾಗೂ ಲಂಡನ್ನುಗಳಲ್ಲಿ ಅರ್ಥಶಾಸ್ತ್ರವನ್ನು, ಗ್ರೇಸ್ ಇನ್ನಿನಲ್ಲಿ ನ್ಯಾಯಶಾಸ್ತ್ರವನ್ನು ಅಭ್ಯಸಿಸಿ 1923ರಲ್ಲಿ ಮರಳಿದರು. ವಕೀಲಿಯ ಸನದಿಗೆ ಕಟ್ಟಲು ಹಣವಿರಲಿಲ್ಲ. ಗೆಳೆಯ ನವಲ್ ಭಥೇನಾ ನೆರವಾದರು. ಮುಂಬಯಿ ಹೈಕೋರ್ಟಿನ ಸಾಲಿಸಿಟರರು ಅಸ್ಪೃಶ್ಯ ವಕೀಲನಿಗೆ ಮೊಕದ್ದಮೆಗಳನ್ನು ಒಪ್ಪಿಸಲು ಹಿಂಜರಿದರು. ಜಿಲ್ಲಾ ನ್ಯಾಯಾಲಯಗಳ ಸಣ್ಣಪುಟ್ಟ ವ್ಯಾಜ್ಯಗಳೇ ಅವರ ಪಾಲಿಗೆ ಬಂದವು. ಜೀವನ ನಿರ್ವಹಣೆಗಾಗಿ ಲೆಕ್ಕಶಾಸ್ತ್ರದ ಸಂಸ್ಥೆಯೊಂದರಲ್ಲಿ ವಾಣಿಜ್ಯ ಕಾನೂನನ್ನೂ ಬೋಧಿಸಿದರು.

ಇಂಥ ಅಡಚಣೆಯ ದಿನಗಳಲ್ಲಿಯೇ, 1924ರ ಜುಲೈಯಲ್ಲಿ, ಅವರು ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿದರು. ಸಭೆಯ ಮೊದಲ ವಿದ್ಯಾರ್ಥಿನಿಲಯವು 1925ರ ಜನವರಿ 4ರಂದು ಆರಂಭವಾದದ್ದು ನಮ್ಮ ಸೊಲ್ಲಾಪುರದಲ್ಲಿ ಎಂಬುದು ನಾವು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ಅಲ್ಲಿಯ ಹುಡುಗರು ‘ಸರಸ್ವತೀ ವಿಲಾಸ’ ಎಂಬ ಮಾಸಪತ್ರಿಕೆಯನ್ನೂ ನಡೆಸುತ್ತಿದ್ದರು.

1926ರಲ್ಲಿ, ಪುಸ್ತಕವೊಂದರ ಸಂಬಂಧ ಮಾನಹಾನಿಯ ಆರೋಪಕ್ಕೆ ಸಿಲುಕಿ ಶಿಕ್ಷೆಗೊಳಗಾಗಿದ್ದ ಬ್ರಾಹ್ಮಣೇತರ ಚಳವಳಿಯ ಕೇಶವರಾವ್ ಜೇಧೆ, ದಿನಕರರಾವ್ ಜವಳಕರ ಮೊದಲಾದವರ ಪರವಾಗಿ ಪುಣೆಯಲ್ಲಿ ವಾದಿಸಿ ಅವರನ್ನು ಬಿಡುಗಡೆಗೊಳಿಸಿದರು. ಆ ಗೆಲುವು ಅವರಿಗೆ ವೃತ್ತಿಯಲ್ಲಿ ಹೆಸರು ತಂದಿತು. ಎಲ್ಲ ಕಡೆಯೂ ಗೆದ್ದರೆಂದಲ್ಲ. ಲೈಂಗಿಕ ಶಿಕ್ಷಣದ ಪತ್ರಿಕೆ ನಡೆಸುತ್ತಿದ್ದ ರ. ಧೋಂ. ಕರ್ವೆಯವರ ಪರ 1934ರಲ್ಲಿ ನಿಂತು ಸೋತರು. ಜನಪ್ರಿಯವಲ್ಲದ ಪಕ್ಷವೆಂದು ಅವರು ಹಿಂದೆ ಸರಿಯಲಿಲ್ಲ ಎಂಬುದಕ್ಕೆ ಆ ಸೋಲೇ ಸಾಕ್ಷಿ.

ಆದರೆ ಅವರ ಬಾಳಿನ ದೊಡ್ಡ ದಾವೆಯಲ್ಲಿ ಅವರೇ ಪ್ರತಿವಾದಿ. ಮಹಾಡದ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿರುವುದಾಗಿ ಅಲ್ಲಿಯ ನಗರಸಭೆ 1924ರಲ್ಲಿಯೇ ಗೊತ್ತುವಳಿ ಮಾಡಿತ್ತು. ಮರಾಠಿಯಲ್ಲಿ ಚವದಾರವೆಂದರೆ ರುಚಿಯಾದುದು. ಅದರ ರುಚಿ ಅಸ್ಪೃಶ್ಯರಿಗೆ ಮಾತ್ರ ತಿಳಿದಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರರು ತಮ್ಮ ಜನರೊಡನೆ ಹೋಗಿ ಆ ನೀರನ್ನು ಕುಡಿದರು. ಅದಕ್ಕೆ ಪ್ರತಿಯಾಗಿ ಅವರ ಜನರ ಮೇಲೆ ಹಲ್ಲೆ ನಡೆಯಿತು. ಡಿಸೆಂಬರಿನಲ್ಲಿ ಸವರ್ಣೀಯರು ಕೆರೆ ತಮ್ಮದೆಂದೂ ಅಸ್ಪೃಶ್ಯರನ್ನು ದೂರವಿಡುವುದು ಅನಾದಿಯ ರೂಢಿಯೆಂದೂ ದಾವೆ ಹೂಡಿ, ತಾತ್ಕಾಲಿಕ ತಡೆಯಾಜ್ಞೆ ತಂದರು.

ಅದೇ ತಿಂಗಳ 25ರಂದು ಮಹಾಡದಲ್ಲಿ ಸಾವಿರಾರು ಜನ ಮತ್ತೆ ಸೇರಿದರು. ಅವರು ಸೆರೆಮನೆಗೂ ಸಿದ್ಧರಾಗಿದ್ದರು. ಅಂಬೇಡ್ಕರರು ಒಂದು ಮಾತಾಡಿದ್ದರೆ ಆ ಜನಸಮೂಹ ಕೆರೆಗಿಳಿಯುತ್ತಿತ್ತು. ಅವರು ಮನುಸ್ಮೃತಿಯ ದಹನಕ್ಕೆ ಒಪ್ಪಿದರು, ನ್ಯಾಯಾಲಯದ ಆಜ್ಞೆಯ ಉಲ್ಲಂಘನೆಗೆ ಒಪ್ಪಲಿಲ್ಲ. ಬಾಯಾರಿದ ತನ್ನವರನ್ನು ದಡದಿಂದ ಹಿಂದಕ್ಕೆ ಕರೆದೊಯ್ಯುವುದು ನಾಯಕನಿಗೆ ಸುಲಭವಾಗಿರಲಾರದು. ರೂಢಿಯನ್ನೇ ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನಿಸುವ ದೀರ್ಘ ದಾರಿಯನ್ನು ಆ ವಕೀಲ ಆಯ್ದುಕೊಂಡರು.

1931ರಲ್ಲಿ ಮಹಾಡದ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು. ಜಿಲ್ಲಾ ಮೇಲ್ಮನವಿಯೂ ಬಿದ್ದುಹೋಯಿತು. ಇಷ್ಟರಲ್ಲಿ 1935ರಲ್ಲಿ ಅವರು ಮುಂಬಯಿಯ ಸರಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರಾದರು. ಮೊಕದ್ದಮೆಗಳನ್ನು ಒಪ್ಪಿಸಲು ಜನ ಹಿಂಜರಿದಿದ್ದ ಅದೇ ನಗರದಲ್ಲಿ ಮುಂದಿನ ತಲೆಮಾರಿನ ವಕೀಲರು ಅವರ ಕೈಕೆಳಗೆ ಕಲಿತರು. 1937ರ ಮಾರ್ಚ್ 17ರಂದು ಹೈಕೋರ್ಟಿನ ತೀರ್ಪು ಬಂದಿತು. ಆ ರೂಢಿ ಅನಾದಿಯೆಂಬುದು ಸಿದ್ಧವಾಗಿಲ್ಲವೆಂದು ನ್ಯಾಯಮೂರ್ತಿ ಬ್ರೂಮ್‌ಫೀಲ್ಡರು ನಿರ್ಣಯಿಸಿದರು. ಬೊಗಸೆ ನೀರಿನ ಹಕ್ಕು ಸ್ಥಿರಪಡಲು ಹತ್ತು ವರ್ಷ ಹಿಡಿದಿತ್ತು.

1956ರ ಡಿಸೆಂಬರ್ 6ರಂದು ಅಂಬೇಡ್ಕರರು ತೀರಿಕೊಂಡರು. ಅವರು ಕರಡು ಸಮಿತಿಯ ಅಧ್ಯಕ್ಷರಾಗಿ ರೂಪಿಸಿದ ಸಂವಿಧಾನದ 15ನೆಯ ವಿಧಿಯು, ಸಾರ್ವಜನಿಕ ಸ್ಥಳಗಳ ಬಳಕೆಯಲ್ಲಿ ಭೇದವೆಣಿಸಬಾರದೆನ್ನುವಾಗ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಟ್ಟು ಹೇಳುತ್ತದೆ. ಅಲ್ಲಿ ಕೆರೆಯೆಂಬ ಮಾತು ಬಂದಾಗ ಮಹಾಡದ ದಡದಿಂದ ಮರಳಿ ಹೋದ ಆ ಜನ ನೆನಪಾಗದಿರರು.