ಗಣಿತಜ್ಞ ಮಹಾವೀರಾಚಾರ್ಯರು

ಮಕ್ಕಳೇ, ನಿಮ್ಮ ಪಾಟಿಯ ಮೇಲೆ 12345654321 ಎಂದು ಬರೆಯಿರಿ. ಅದನ್ನು ಎಡದಿಂದ ಓದಿರಿ, ಬಲದಿಂದಲೂ ಓದಿರಿ. ಎರಡೂ ಒಂದೇ ಅಲ್ಲವೇ? ಸಾವಿರದ ಇನ್ನೂರು ಕೋಟಿಗೂ ಮಿಕ್ಕಿದ ಈ ಸಂಖ್ಯೆಯನ್ನು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ತಮ್ಮ ಗ್ರಂಥದಲ್ಲಿ ಬರೆದವರು ಮಹಾವೀರಾಚಾರ್ಯರು.

ಆಗ ನಮ್ಮ ಉಮರ್ಗಾ, ನಿಲಂಗಾ, ಉದಗೀರದ ಸೀಮೆ ರಾಷ್ಟ್ರಕೂಟರ ರಾಜ್ಯದಲ್ಲಿತ್ತು. ಆ ಅರಸರು ತಮ್ಮನ್ನು ಲತ್ತಲೂರಿನ ಒಡೆಯರೆಂದು ಕರೆದುಕೊಳ್ಳುತ್ತಿದ್ದರು. ಲತ್ತಲೂರೆಂದರೆ ಇಂದಿನ ಲಾತೂರು ಎಂದು ಇತಿಹಾಸಕಾರರು ಹೇಳುತ್ತಾರೆ. ಅವರ ರಾಜಧಾನಿ ಮಾನ್ಯಖೇಟ. ಉಮರ್ಗಾದಿಂದ ಆಳಂದ ದಾಟಿ ಕಲಬುರಗಿಗೆ ಹೋಗಿ, ಅಲ್ಲಿಂದ ಸೇಡಂ ದಾರಿ ಹಿಡಿದರೆ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡ ಎಂಬ ಊರು ಸಿಗುತ್ತದೆ. ಅದೇ ಆ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದನು. ಕನ್ನಡದ ‘ಕವಿರಾಜಮಾರ್ಗ’ ಹುಟ್ಟಿದ್ದೂ ಅವನ ಆಸ್ಥಾನದಲ್ಲಿಯೇ.

ಮಹಾವೀರಾಚಾರ್ಯರು ಜೈನ ಪಂಡಿತರು. ಕ್ರಿ. ಶ. 850ರ ಸುಮಾರಿಗೆ ಅವರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದರು. ಅದರ ಮೊದಲಲ್ಲಿ ಅಮೋಘವರ್ಷನನ್ನು ಹೊಗಳಿದ್ದಾರೆ. ಅವರ ಕಾಲ ನಮಗೆ ತಿಳಿದದ್ದು ಅದರಿಂದಲೇ. ಅಂದಿನ ಅನೇಕ ಪಂಡಿತರು ಜ್ಯೋತಿಷ ಗ್ರಂಥದ ಒಂದು ಭಾಗವಾಗಿ ಗಣಿತವನ್ನು ಬರೆಯುತ್ತಿದ್ದರು. ಇವರು ಗಣಿತಕ್ಕಾಗಿಯೇ ಗ್ರಂಥ ಬರೆದರು. ವ್ಯಾಪಾರ, ಅಡುಗೆ, ಸಂಗೀತ, ವೈದ್ಯ, ಮನೆ ಕಟ್ಟುವುದು, ಹೀಗೆ ಎಲ್ಲ ಕೆಲಸಕ್ಕೂ ಗಣಿತ ಬೇಕೆಂದು ಅವರು ನಂಬಿದ್ದರು.

ದೊಡ್ಡ ಸಂಖ್ಯೆಗಳೆಂದರೆ ಅವರಿಗೆ ಬಹಳ ಪ್ರೀತಿ. ನಾವು ಬಿಡಿ, ಹತ್ತು, ನೂರು ಎಂದು ಸ್ಥಾನಗಳನ್ನು ಹೇಳುತ್ತೇವಲ್ಲವೇ? ಅವರು 24 ಸ್ಥಾನಗಳಿಗೆ ಹೆಸರು ಕೊಟ್ಟರು. ಕೊನೆಯದು ಮಹಾಕ್ಷೋಭ. ಅದನ್ನು ಬರೆಯಲು 1ರ ಮುಂದೆ 23 ಸೊನ್ನೆಗಳು ಬೇಕು!

ಎರಡು ಕಡೆಯಿಂದಲೂ ಒಂದೇ ಆಗಿರುವ ಸಂಖ್ಯೆಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. ಗುಣಾಕಾರದಿಂದ ಇಂತಹ ಹಾರಗಳನ್ನು ಕಟ್ಟಿ ತೋರಿಸಿದರು. ಚಿಕ್ಕ ಹಾರವೊಂದನ್ನು ನೀವೇ ಕಟ್ಟಿರಿ. 139ನ್ನು 100ರಿಂದ ಗುಣಿಸಿದರೆ 13900, 9ರಿಂದ ಗುಣಿಸಿದರೆ 1251. ಎರಡನ್ನೂ ಕೂಡಿಸಿರಿ. 139 × 109 = 15151 ಆಯಿತು.

ಮೊದಲು ಬರೆದ ದೊಡ್ಡ ಹಾರ ಬರುವುದು 27994681ನ್ನು 441ರಿಂದ ಗುಣಿಸಿದಾಗ. ಆ ಉತ್ತರವನ್ನು ಆಚಾರ್ಯರು ಒಂದೊಂದೇ ಅಂಕಿಯಾಗಿ ಹೇಳಲಿಲ್ಲ. ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವುದು ಎಂದಷ್ಟೇ ತಿಳಿಸಿದರು. ಎಷ್ಟು ಸುಲಭ!

ಇನ್ನೊಂದು ಹಾರ 12345679 × 9 = 111111111. ಇಲ್ಲಿ 8 ಬಿಟ್ಟುಹೋಗಿದೆ ಎಂದುಕೊಂಡಿರಾ? ಇಲ್ಲ, ಬೇಕೆಂದೇ ಬಿಟ್ಟದ್ದು. 8ನ್ನು ಸೇರಿಸಿದರೆ ಉತ್ತರ 1111111101 ಆಗಿ ಹಾರ ಹರಿದುಹೋಗುತ್ತದೆ.

ಇಂತಹ ಆಚಾರ್ಯರೂ ಒಂದೆಡೆ ತಪ್ಪಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಬರೆದರು. ಸೊನ್ನೆಯಿಂದ ಭಾಗಿಸಲು ಬರುವುದೇ ಇಲ್ಲ ಎಂದು ಈಗ ನಾವು ಕಲಿಯುತ್ತೇವೆ.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿರುವ ಇನ್ನೊಂದು ಹಾರ ನಿಮಗಾಗಿ ಇಲ್ಲಿದೆ. 152207ನ್ನು 73ರಿಂದ ಗುಣಿಸಿ ನೋಡಿರಿ.