ಸಮುದ್ರದಲ್ಲೊಂದು ಗೆರೆ: ಮ್ಯಾಕ್ಸ್ ವೆಬರ್

ಮಕ್ಕಳೇ, ಇಂಡೋನೇಷ್ಯಾದ ಭೂಪಟ ತೆಗೆದು ನೋಡಿ. ಪಶ್ಚಿಮದ ಸುಮಾತ್ರಾದಲ್ಲಿ ನಮ್ಮ ಕರ್ನಾಟಕದ ಕಾಡಿನ ಹಾಗೇ ಹುಲಿ, ಆನೆ ಇವೆ. ಪೂರ್ವದ ನ್ಯೂಗಿನಿಯಲ್ಲಿ ಅವು ಇಲ್ಲ, ಮರ ಹತ್ತುವ ಕಾಂಗರೂ ಇದೆ! ಹಾಗಾದರೆ ಏಷ್ಯಾದ ಪ್ರಾಣಿಗಳು ಎಲ್ಲಿ ಮುಗಿಯುತ್ತವೆ, ಆಸ್ಟ್ರೇಲಿಯಾದವು ಎಲ್ಲಿ ಶುರುವಾಗುತ್ತವೆ? ಈ ಪ್ರಶ್ನೆಯ ಹಿಂದೆ ಹೋದವರಲ್ಲಿ ಒಬ್ಬರು ಆಮ್‌ಸ್ಟರ್‌ಡಾಮಿನ ಪ್ರೊಫೆಸರ್ ಮ್ಯಾಕ್ಸ್ ವೆಬರ್. (ಇದೇ ಹೆಸರಿನ ಸಮಾಜಶಾಸ್ತ್ರಜ್ಞರು ಬೇರೆ.)

ವೆಬರ್ ಹುಟ್ಟಿದ್ದು 1852ರಲ್ಲಿ, ಜರ್ಮನಿಯ ಬಾನ್ ನಗರದಲ್ಲಿ. ತಂದೆ ಜರ್ಮನ್, ತಾಯಿ ಡಚ್. ಓದಿದ್ದು ವೈದ್ಯಕೀಯ, ಮನಸ್ಸು ಮಾತ್ರ ಪ್ರಾಣಿಗಳ ಕಡೆಗೆ. 1881ರಲ್ಲಿ ವಿಲ್ಲೆಮ್ ಬಾರೆಂಟ್ಸ್ ಎಂಬ ಹಡಗಿನಲ್ಲಿ ಉತ್ತರ ಧ್ರುವದ ಕಡೆಯ ಸಮುದ್ರಕ್ಕೆ ಹೋಗಿ ಬಂದರು. 1883ರಲ್ಲಿ ಅನ್ನಾ ಫಾನ್ ಬೋಸ್ಸೆ ಅವರನ್ನು ಮದುವೆಯಾದರು. ಅನ್ನಾ ಸಮುದ್ರ ಪಾಚಿಗಳ ದೊಡ್ಡ ತಜ್ಞೆ. 1910ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ನೆದರ್ಲೆಂಡ್ಸ್‌ನಲ್ಲಿ ಆ ಗೌರವ ಪಡೆದ ಮೊದಲ ಮಹಿಳೆ ಅವರು.

ಆಗ ಇಂಡೋನೇಷ್ಯಾ ಡಚ್ಚರ ಆಳ್ವಿಕೆಯಲ್ಲಿತ್ತು. 1899ರ ಮಾರ್ಚ್‌ನಿಂದ 1900ರ ಫೆಬ್ರವರಿವರೆಗೆ, ಸಿಬೋಗಾ ಎಂಬ ಹಡಗಿನಲ್ಲಿ ವೆಬರ್ ತಂಡ ಆ ದ್ವೀಪಗಳ ನಡುವೆ ಸುತ್ತಿತು. ಅನ್ನಾ ಕೂಡ ಜೊತೆಯಲ್ಲಿದ್ದರು. 322 ಕಡೆ ನಿಂತು ಆಳ ಅಳೆದರು, ಬಲೆ ಇಳಿಸಿದರು, ಸಿಕ್ಕಿದ ಜೀವಿಗಳನ್ನು ಸಂಗ್ರಹಿಸಿ ತಂದರು.

ಅದಕ್ಕೂ ಮೊದಲು, 1863ರಲ್ಲಿ, ಇಂಗ್ಲೆಂಡಿನ ಆಲ್ಫ್ರೆಡ್ ರಸೆಲ್ ವಾಲೇಸ್ ಬಾಲಿ ಮತ್ತು ಲೊಂಬೊಕ್ ದ್ವೀಪಗಳ ನಡುವೆ ಒಂದು ಗೆರೆ ಎಳೆದಿದ್ದರು. ಇವೆರಡರ ನಡುವೆ ಸುಮಾರು 35 ಕಿಲೋಮೀಟರ್ ಅಷ್ಟೇ. ಆದರೂ ಹಕ್ಕಿಗಳು ಎಷ್ಟೋ ಬೇರೆ. ವೆಬರ್ ಸಿಹಿನೀರಿನ ಮೀನುಗಳನ್ನೂ ನೋಡಿದರು. ಸಿಹಿನೀರಿನ ಮೀನು ಸಮುದ್ರ ದಾಟೋದು ಕಷ್ಟ, ಹಾಗಾಗಿ ಅದು ಒಳ್ಳೆ ಸಾಕ್ಷಿ. ಬೋರ್ನಿಯೋ ಹೊಳೆಗಳಲ್ಲಿ ಗೆಂಡೆ ಜಾತಿಯ ಮೀನುಗಳು ತುಂಬಾ. ಪಕ್ಕದ ಸುಲಾವೇಸಿಯಲ್ಲಿ ಸ್ಥಳೀಯವಾದ ಒಂದೂ ಇಲ್ಲ. ಆದರೆ ಬೇರೆ ಪ್ರಾಣಿಗಳನ್ನು ನೋಡಿದರೆ, ಏಷ್ಯಾದವು ಒಂದೇ ಗೆರೆಗೆ ನಿಲ್ಲೋದಿಲ್ಲ. ಪೂರ್ವಕ್ಕೆ ಹೋದಂತೆ ನಿಧಾನವಾಗಿ ಕಮ್ಮಿಯಾಗುತ್ತವೆ, ಆಸ್ಟ್ರೇಲಿಯಾದವು ಹೆಚ್ಚಾಗುತ್ತವೆ. 1904ರಲ್ಲಿ ಬೆಲ್ಜಿಯಂನ ಪೌಲ್ ಪೆಲ್ಸೆನೀರ್ ಇನ್ನೂ ಪೂರ್ವಕ್ಕಿರುವ ಗೆರೆಯೊಂದಕ್ಕೆ ವೆಬರ್ ಹೆಸರಿಟ್ಟರು. ಅದು ಸುಲಾವೇಸಿಗೂ ಮೊಲುಕ್ಕಾಸ್ ದ್ವೀಪಗಳಿಗೂ ನಡುವೆ ಹೋಗುತ್ತದೆ. ಎರಡೂ ಕಡೆಯ ಪ್ರಾಣಿಗಳು ಹೆಚ್ಚುಕಮ್ಮಿ ಸಮವಾಗುವ ಜಾಗ ಅದು ಅಂತ ಮುಂದಿನ ವಿಜ್ಞಾನಿಗಳು ವಿವರಿಸಿದರು.

ಎರಡು ಜಾಗದ ಜೀವಿಗಳು ಎಷ್ಟು ಹೋಲುತ್ತವೆ ಅಂತ ಅಳೆಯಲು ಸುಲಭ ಲೆಕ್ಕವೂ ಅದೇ ಕಾಲದಲ್ಲಿ ಬಂತು. 1901ರಲ್ಲಿ ಸ್ವಿಟ್ಜರ್ಲೆಂಡಿನ ಪೌಲ್ ಜಕಾರ್ ಬೆಟ್ಟದ ಗಿಡಗಳಿಗೆ ಇದನ್ನು ಮಾಡಿದರು: ಎರಡೂ ಪಟ್ಟಿಯಲ್ಲಿರುವ ಜಾತಿಗಳ ಸಂಖ್ಯೆಯನ್ನು, ಎರಡೂ ಪಟ್ಟಿ ಸೇರಿಸಿದಾಗ ಸಿಗುವ ಒಟ್ಟು ಜಾತಿಗಳಿಂದ ಭಾಗಿಸಿ.

ಒಂದು ಉದಾಹರಣೆ. ಆಮ್‌ಸ್ಟರ್‌ಡಾಮಿನ ಪಟ್ಟಿ: ಗಿಳಿ, ಪಾರಿವಾಳ, ಹಂಸ, ಎಕ್ಸ್ಟರ್, ಮೇರೆಲ್. ಬೆಂಗಳೂರಿನ ಪಟ್ಟಿ: ಗಿಳಿ, ಪಾರಿವಾಳ, ಹದ್ದು, ಗೊರವಂಕ, ಕೋಗಿಲೆ. (ಎರಡೂ ಊರಿನ ಗಿಳಿ ಒಂದೇ ಜಾತಿ, ಗೊತ್ತಾ?) ಸಮಾನ 2, ಒಟ್ಟು 8. ಅಂದರೆ 25 ಶೇಕಡಾ. ಎರಡೂ ಪಟ್ಟಿ ಒಂದೇ ಆದರೆ 100, ಒಂದೂ ಹೊಂದದಿದ್ದರೆ 0. ಇದೇ ಲೆಕ್ಕವನ್ನು ಇವತ್ತು ನಾವು ಕಂಪ್ಯೂಟರಿನಲ್ಲಿ ಎರಡು ಬರಹಗಳನ್ನು ಹೋಲಿಸಲೂ ಬಳಸುತ್ತೇವೆ.

ವೆಬರ್ 1937ರಲ್ಲಿ ಏರ್ಬೇಕ್ ಊರಿನಲ್ಲಿ ತೀರಿಕೊಂಡರು. ಅವರು ನಡೆಸಿದ ಆಮ್‌ಸ್ಟರ್‌ಡಾಮ್ ಪ್ರಾಣಿ ಸಂಗ್ರಹಾಲಯದ ಸಂಗ್ರಹ ಈಗ ಲೈಡನ್ನಿನ ನ್ಯಾಚುರಾಲಿಸ್‌ನಲ್ಲಿದೆ. ನಡುವಿನ ದ್ವೀಪಗಳು ಪೂರ್ತಿ ಆ ಕಡೆಯವೂ ಅಲ್ಲ, ಪೂರ್ತಿ ಈ ಕಡೆಯವೂ ಅಲ್ಲ. ಎರಡೂ ಕಡೆಯದ್ದು ಅವುಗಳಲ್ಲಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಡಚ್ ಮಾತಾಡುವ ನಿಮಗೆ ಇದು ಬೇಗ ಅರ್ಥವಾಗುತ್ತೆ!

ಈ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಮನೆಯ ಸುತ್ತಲಿನ ಹಕ್ಕಿಗಳ ಪಟ್ಟಿ ಮಾಡಿ. ಇಲ್ಲಿನ ಪಟ್ಟಿಯ ಜೊತೆ ಇಟ್ಟು ಲೆಕ್ಕ ಹಾಕಿ ತನ್ನಿ.