ಸೋಲರಿಯದ ರಾಕಿ ಮಾರ್ಸಿಯಾನೊ

ಜಾತ್ರೆಯ ಕುಸ್ತಿ ನೋಡಿದವರಿಗೆಲ್ಲ ಗೊತ್ತಿರುವ ಸಂಗತಿ ಒಂದಿದೆ. ಜೋಡಿ ಕೂಡಿಸುವ ಮೊದಲು ಹಿರಿಯರು ಇಬ್ಬರು ಪೈಲವಾನರ ಮೈಕಟ್ಟನ್ನೂ ಕಣ್ಣಿನಲ್ಲೇ ತೂಗಿ ನೋಡುತ್ತಾರೆ. ಮುಷ್ಟಿಯುದ್ಧದಲ್ಲಿ ಈ ಕೆಲಸವನ್ನು ತಕ್ಕಡಿ ಮಾಡುತ್ತದೆ. ಆದರೆ ಎಲ್ಲಕ್ಕೂ ಮೇಲಿನದಾದ ಹೆವಿವೇಟ್ ವರ್ಗಕ್ಕೆ ಕೆಳಗಡೆ ಮಾತ್ರ ಗೆರೆ, ಮೇಲೆ ಗೆರೆಯೇ ಇಲ್ಲ. 1950ರ ಸುಮಾರಿಗೆ 175 ಪೌಂಡು, ಅಂದರೆ 79 ಕಿಲೋ ದಾಟಿದವರೆಲ್ಲ ಹೆವಿವೇಟ್‌ಗಳೇ. 84 ಕಿಲೋದವನು 120 ಕಿಲೋದವನ ಎದುರು ನಿಂತರೂ ತಪ್ಪಿಲ್ಲ. ಹೀಗಾಗಿ ಒಂದು ಕಾಲದ ಜಗಜಟ್ಟಿಯನ್ನು ಇನ್ನೊಂದು ಕಾಲದವನೊಡನೆ ಹೋಲಿಸಿ ನೋಡುವ ವಾದ ಎಂದೂ ಮುಗಿಯುವುದಿಲ್ಲ. ಆ ವಾದದಲ್ಲಿ ತಪ್ಪದೆ ಬರುವ ಹೆಸರು ರಾಕಿ ಮಾರ್ಸಿಯಾನೊ. ವೃತ್ತಿಜೀವನದಲ್ಲಿ ಅವನು ಆಡಿದ್ದು 49 ಪಂದ್ಯ, ಗೆದ್ದದ್ದೂ 49. ಅವುಗಳಲ್ಲಿ 43 ಸಲ ಎದುರಾಳಿ ಕೊನೆಯ ಗಂಟೆಯವರೆಗೆ ನಿಲ್ಲಲಿಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್‌ಟನ್ ಎಂಬ ಊರಿನಲ್ಲಿ 1923ರ ಸೆಪ್ಟೆಂಬರ್ 1ರಂದು ರಾಕಿ ಜನಿಸಿದನು. ಮನೆಯವರಿಟ್ಟ ಹೆಸರು ರೊಕ್ಕೊ ಮಾರ್ಕೆಜಿಯಾನೊ. ಬ್ರಾಕ್‌ಟನ್ ಬೂಟು ತಯಾರಿಸುವ ಕಾರ್ಖಾನೆಗಳ ಊರು. ಇಟಲಿಯಿಂದ ವಲಸೆ ಬಂದ ತಂದೆ ಪಿಯರಿನೊ ಅಂಥದೊಂದು ಕಾರ್ಖಾನೆಯಲ್ಲಿ ಕೂಲಿ. ಆರು ಮಕ್ಕಳಲ್ಲಿ ರಾಕಿಯೇ ಹಿರಿಯ. ಒಂದೂವರೆ ವರ್ಷದ ಕೂಸಾಗಿದ್ದಾಗ ನ್ಯುಮೋನಿಯಾ ಬಂದು ಬದುಕುವ ಆಸೆಯೇ ಹೋಗಿತ್ತು. ಮುಂದೆ ಅವನ ದಮ್ಮಿಗೆ ಜಗತ್ತೇ ಬೆರಗಾಯಿತು!

ಹುಡುಗನ ಕನಸು ಮುಷ್ಟಿಯುದ್ಧವಾಗಿರಲಿಲ್ಲ, ಬೇಸ್‌ಬಾಲ್ ಆಗಿತ್ತು. ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟು ಸಿಕ್ಕ ಕೂಲಿಗೆಲ್ಲ ಹೋದನು. 1943ರಲ್ಲಿ ಸೈನ್ಯಕ್ಕೆ ಕರೆ ಬಂತು. ಅಲ್ಲಿ ಒಗ್ಗದ ಕೆಲಸದಿಂದ ತಪ್ಪಿಸಿಕೊಳ್ಳಲು ಕೈಗವಸು ತೊಟ್ಟವರಲ್ಲಿ ಅವನೂ ಒಬ್ಬ. 1947ರಲ್ಲಿ ಬೇಸ್‌ಬಾಲ್ ತಂಡವೊಂದರ ಪರೀಕ್ಷೆಗೆ ಹೋಗಿ ಚೆಂಡು ಎಸೆಯುವುದರಲ್ಲಿ ಸಾಲದೆಂದು ಮರಳಿ ಬಂದನು. ಮರುವರ್ಷ ಹವ್ಯಾಸಿ ಪಂದ್ಯವೊಂದರಲ್ಲಿ ತನಗಿಂತ ಎತ್ತರದ ಕೋಲಿ ವಾಲೇಸ್ ಎಂಬವನಿಗೆ ಅಂಕಗಳ ಮೇಲೆ ಸೋತನು. ಮೇಲೆ ಹೇಳಿದ 49ರ ಲೆಕ್ಕ ವೃತ್ತಿಪಂದ್ಯಗಳದು ಮಾತ್ರ ಎಂಬುದನ್ನು ಓದುಗರು ನೆನಪಿಡಬೇಕು.

ಗೆಳೆಯ ಆಲಿ ಕೊಲಂಬೊನೊಡನೆ ಅವನು ನ್ಯೂಯಾರ್ಕಿನ ಚಾರ್ಲಿ ಗೋಲ್ಡ್‌ಮನ್ ಎಂಬ ಗುರುವಿನ ಬಳಿ ಬಂದಾಗ ವಯಸ್ಸು 24 ದಾಟಿತ್ತು. ಗುರು ನೋಡಿದ್ದೇನು? ಎತ್ತರ 5 ಅಡಿ 10 ಅಂಗುಲಕ್ಕೆ ಚೂರು ಮೇಲೆ, ತೂಕ 84 ಕಿಲೋದ ಆಸುಪಾಸು. ಎರಡೂ ತೋಳು ಚಾಚಿದರೆ ಈ ತುದಿಯಿಂದ ಆ ತುದಿಗೆ 68 ಅಂಗುಲ. ಅದೇ ಅಳತೆ ಜೋ ಲೂಯಿಗೆ 76 ಅಂಗುಲವಿತ್ತು. ಅಂದರೆ ಲೂಯಿಯ ಗುದ್ದು ತಲುಪುವ ದೂರದಿಂದ ಇವನ ಗುದ್ದು ತಲುಪದು. ಕಾಲಿನ ನಡೆಯೂ ಒರಟು. ಬಲಗೈಯಲ್ಲಿ ಮಾತ್ರ ಸಿಡಿಲಿನಂಥ ಶಕ್ತಿ.

ಬೇರೆ ಗುರುವಾಗಿದ್ದರೆ ಶಿಷ್ಯನನ್ನು ನೆಟ್ಟಗೆ ನಿಲ್ಲಿಸಲು ಹೆಣಗುತ್ತಿದ್ದನೇನೋ. ತಾನೂ ಕುಳ್ಳನಾಗಿದ್ದ ಗೋಲ್ಡ್‌ಮನ್ ರಾಕಿಯನ್ನು ಇನ್ನಷ್ಟು ಕುಳ್ಳಗೆ ಮಾಡಿದನು. ಮೊಣಕಾಲು ಮಡಿಸಿ, ಸೊಂಟ ಬಗ್ಗಿಸಿ, ತಲೆಯನ್ನು ಎದುರಾಳಿಯ ಎದೆಯ ಮಟ್ಟಕ್ಕೆ ಇಳಿಸಿ ಮುನ್ನುಗ್ಗುವುದನ್ನು ಕಲಿಸಿದನು. ಎತ್ತರದವನು ಕೆಳಮುಖವಾಗಿ ಗುದ್ದಬೇಕು. ಅದರಲ್ಲಿ ಮೈಭಾರ ಪೂರ್ತಿ ಸೇರುವುದಿಲ್ಲ. ಒಮ್ಮೆ ಒಳಗೆ ನುಗ್ಗಿದವನಿಗೆ ಎದುರಾಳಿಯ ಉದ್ದ ತೋಳು ಕೆಲಸಕ್ಕೆ ಬಾರದು. ಆದರೆ ಒಳಗೆ ನುಗ್ಗುವ ತನಕ ಪೆಟ್ಟು ತಿನ್ನಲೇಬೇಕು. ರಾಕಿ ಪ್ರತಿ ಪಂದ್ಯದಲ್ಲೂ ಈ ಸುಂಕ ಕಟ್ಟಿಯೇ ಮುಂದೆ ಹೋದನು. ಅದಕ್ಕಾಗಿ ದಿನವೂ ಮೈಲುಗಟ್ಟಲೆ ಓಡಿ ದೇಹವನ್ನು ಹುರಿಗೊಳಿಸಿದನು.

ಪೆಟ್ಟಿನ ಆಟದ ಇನ್ನೊಂದು ಮುಖವನ್ನೂ ಹೇಳಬೇಕು. 1949ರ ಡಿಸೆಂಬರ್ 30ರಂದು ಎತ್ತರದ ತರುಣ ಕಾರ್ಮೈನ್ ವಿಂಗೊ ರಾಕಿಯ ಹೊಡೆತಕ್ಕೆ ಬಿದ್ದು ಪ್ರಜ್ಞೆ ಕಳೆದುಕೊಂಡನು. ಮಿದುಳಿಗೆ ಪೆಟ್ಟಾಗಿತ್ತು. ಹುಡುಗ ಬದುಕಿದನು, ಆದರೆ ಮತ್ತೆಂದೂ ಕಣಕ್ಕಿಳಿಯಲಿಲ್ಲ. ಚಿಕಿತ್ಸೆಗೆ ರಾಕಿ ಹಣ ಕೊಟ್ಟನು.

1951ರ ಅಕ್ಟೋಬರ್ 26ರಂದು ಅವನು ತನ್ನ ಆರಾಧ್ಯ ವೀರನಾದ ಜೋ ಲೂಯಿಯನ್ನೇ ಎಂಟನೆಯ ಸುತ್ತಿನಲ್ಲಿ ಉರುಳಿಸಿದನು. ಲೂಯಿ ಅವನಿಗಿಂತ 12 ಕಿಲೋ ಹೆಚ್ಚು ಭಾರ. ಆದರೆ ವಯಸ್ಸು 37. ಗೆದ್ದವನೇ ಆಮೇಲೆ ಕಣ್ಣೀರಿಟ್ಟನೆಂದು ಹೇಳುತ್ತಾರೆ.

ಜಗತ್ತಿನ ಪಟ್ಟ ದೊರೆತದ್ದು 1952ರ ಸೆಪ್ಟೆಂಬರ್ 23ರಂದು, ಫಿಲಡೆಲ್ಫಿಯದಲ್ಲಿ. ಪಟ್ಟದಲ್ಲಿದ್ದವನು ಜರ್ಸಿ ಜೋ ವಾಲ್ಕಾಟ್. 38 ವರ್ಷದ ಚತುರ. ಮೊದಲ ಸುತ್ತಿನಲ್ಲೇ ವಾಲ್ಕಾಟನ ಎಡಗೈ ಹೊಡೆತಕ್ಕೆ ರಾಕಿ ನೆಲಕ್ಕೆ ಬಿದ್ದನು. ವೃತ್ತಿಪಂದ್ಯದಲ್ಲಿ ಅವನು ಹಾಗೆ ಬಿದ್ದದ್ದು ಅದೇ ಮೊದಲು. ಎದ್ದು ನಿಂತು ಕಾದಾಡಿದನು. ನಡುವಿನ ಸುತ್ತುಗಳಲ್ಲಿ ಕಣ್ಣು ಉರಿದು ನೋಟ ಮಂಜಾಯಿತು. ನೆತ್ತಿ ಒಡೆದು ರಕ್ತ ಸುರಿಯಿತು. ಹನ್ನೆರಡು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ವಾಲ್ಕಾಟನೇ ಮುಂದಿದ್ದನು. ಹದಿಮೂರನೆಯ ಸುತ್ತು ಆರಂಭವಾಗಿ ಒಂದು ನಿಮಿಷವೂ ಆಗಿರಲಿಲ್ಲ. ವಾಲ್ಕಾಟ್ ಹಗ್ಗಕ್ಕೆ ಒರಗಿದ್ದನು. ಮೊಳದಷ್ಟು ದೂರವೂ ಚಲಿಸದ ರಾಕಿಯ ಬಲಗೈ ಅವನ ದವಡೆಗೆ ತಾಗಿತು. ವಾಲ್ಕಾಟ್ ಒಂದು ತೋಳು ಹಗ್ಗಕ್ಕೆ ಸಿಕ್ಕಿಕೊಂಡಂತೆಯೇ ಕುಸಿದನು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. 1982ರಲ್ಲಿ ಕೊರಿಯದ ಕಿಮ್ ಡುಕ್-ಕೂ ಎಂಬ ತರುಣ ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದು, ಕೆಲವು ದಿನಗಳಲ್ಲಿ ಪ್ರಾಣಬಿಟ್ಟನು. ಆ ಬಳಿಕ ಪಟ್ಟದ ಪಂದ್ಯಗಳನ್ನು ಹದಿನೈದರಿಂದ ಹನ್ನೆರಡು ಸುತ್ತಿಗೆ ಇಳಿಸಲಾಯಿತು. ಆ ನಿಯಮ 1952ರಲ್ಲೇ ಇದ್ದಿದ್ದರೆ ರಾಕಿ ಆ ರಾತ್ರಿ ಸೋತವನು! ಭಾರಿ ದೇಹ ಬೇಗ ದಣಿಯುತ್ತದೆ. ಸುತ್ತು ಹೆಚ್ಚಾದಷ್ಟೂ ದಮ್ಮಿರುವ ಸಣ್ಣ ದೇಹಕ್ಕೆ ಅನುಕೂಲ. ಕಾಲಗಳನ್ನು ಹೋಲಿಸುವವರು ಅಡಿ, ಅಂಗುಲ, ಕಿಲೋಗಳನ್ನು ಮಾತ್ರ ಲೆಕ್ಕ ಹಾಕಿ ಗಡಿಯಾರವನ್ನು ಮರೆಯುತ್ತಾರೆಂಬುದು ನನ್ನ ಆಕ್ಷೇಪ.

ಪಟ್ಟವನ್ನು ಅವನು ಆರು ಸಲ ಉಳಿಸಿಕೊಂಡನು. 1954ರ ಸೆಪ್ಟೆಂಬರಿನಲ್ಲಿ ಎಜರ್ಡ್ ಚಾರ್ಲ್ಸ್‌ನ ಹೊಡೆತಕ್ಕೆ ಮೂಗು ಸೀಳಿ, ಪಂದ್ಯ ನಿಲ್ಲಿಸುವ ಸ್ಥಿತಿ ಬಂದಾಗ ಎಂಟನೆಯ ಸುತ್ತಿನಲ್ಲಿ ಅವನನ್ನು ಕೆಡವಿದನು. ಮರುವರ್ಷ ಆರ್ಚಿ ಮೂರ್‌ನಿಂದ ಎರಡನೆಯ ಸುತ್ತಿನಲ್ಲಿ ನೆಲ ಕಂಡು, ಒಂಬತ್ತನೆಯದರಲ್ಲಿ ಗೆದ್ದನು. ಅದೇ ಕೊನೆಯ ಪಂದ್ಯ. 1956ರ ಏಪ್ರಿಲ್ 27ರಂದು, 32ನೆಯ ವಯಸ್ಸಿನಲ್ಲಿ, ನಿವೃತ್ತಿ ಸಾರಿದನು; ಮತ್ತೆ ಕಣಕ್ಕಿಳಿಯಲಿಲ್ಲ.

ಅವನನ್ನು ಕಡೆಗಣಿಸುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಲೂಯಿ, ವಾಲ್ಕಾಟ್, ಮೂರ್ ಮೂವರೂ ಹರೆಯ ದಾಟಿದವರು. ಚಾರ್ಲ್ಸ್ ಮತ್ತು ಮೂರ್ ಹೆಸರು ಮಾಡಿದ್ದು ಲೈಟ್ ಹೆವಿವೇಟ್‌ನಲ್ಲಿ. ಚಾಣಾಕ್ಷನೂ ತರುಣನೂ ಆದ 110 ಕಿಲೋದ ಎದುರಾಳಿ ರಾಕಿಗೆ ಸಿಗಲೇ ಇಲ್ಲ. ದೈತ್ಯರು ಹಿಂದೆಯೂ ಇದ್ದರು: 1919ರಲ್ಲಿ 111 ಕಿಲೋದ ಜೆಸ್ ವಿಲರ್ಡ್‌ನನ್ನು 85 ಕಿಲೋದ ಜಾಕ್ ಡೆಂಪ್ಸಿ ಮೂರೇ ಸುತ್ತಿನಲ್ಲಿ ಮುಗಿಸಿದನು, 1935ರಲ್ಲಿ ಲೂಯಿ 118 ಕಿಲೋದ ಕಾರ್ನೆರಾನನ್ನು ಕೆಡವಿದನು. ಆಗ ದೊಡ್ಡ ದೇಹದ ಜೊತೆಗೆ ದೊಡ್ಡ ವಿದ್ಯೆ ಅಪರೂಪವಾಗಿತ್ತು. ಮುಂದೆ ದೈತ್ಯರೂ ವಿದ್ಯೆ ಕಲಿತರು. 1979ರ ಹೊತ್ತಿಗೆ ನಡುವೆ ಕ್ರೂಸರ್‌ವೇಟ್ ಎಂಬ ಹೊಸ ವರ್ಗವೇ ಹುಟ್ಟಿತು. ರಾಕಿಯ ತೂಕ ಈಗ ಅದರಲ್ಲಿ ಸೇರುತ್ತದೆ. 2024ರಲ್ಲಿ 6 ಅಡಿ 9 ಅಂಗುಲದ ಟೈಸನ್ ಫ್ಯೂರಿಯನ್ನು ಎರಡು ಸಲ ಸೋಲಿಸಿದ ಉಕ್ರೇನಿನ ಉಸಿಕ್‌ನನ್ನು ಜನ ಚಿಕ್ಕವನೆಂದು ಕರೆದರು. ಆ ಚಿಕ್ಕವನು 6 ಅಡಿ 3 ಅಂಗುಲ, 100 ಕಿಲೋಗೂ ಮೇಲೆ. ರಾಕಿಯೊಡನೆ ಆಡಿದ ಲೂಯಿಗಿಂತ ಭಾರ!

ಈ ವಾದವನ್ನು ಯಂತ್ರದಿಂದ ತೀರ್ಮಾನಿಸಲು 1969ರಲ್ಲಿ ಒಂದು ಪ್ರಯತ್ನ ನಡೆಯಿತು. ಮಯಾಮಿಯ ರೇಡಿಯೊ ನಿರ್ಮಾಪಕ ಮರ್ರೆ ವೊರೋನರ್ ಹಳೆಯ ಹೊಸ ಜಗಜಟ್ಟಿಗಳ ಗುಣದೋಷಗಳನ್ನು ಅಂಕಿಗಳನ್ನಾಗಿ ಮಾಡಿ ಗಣಕಯಂತ್ರಕ್ಕೆ ಉಣಿಸಿದನು. ಆ ಅಂಕಿಗಳನ್ನು ಕೊಟ್ಟವರು ಮನುಷ್ಯರೇ ತಾನೆ! ಯಂತ್ರ ಹೇಳುವ ಪಂದ್ಯವನ್ನು ತೆರೆಗೆ ತರಲು 45 ವರ್ಷದ ರಾಕಿಯನ್ನೂ, ಯುದ್ಧಕ್ಕೆ ಹೋಗಲೊಲ್ಲದೆ ಪಟ್ಟ ಕಳೆದುಕೊಂಡಿದ್ದ 27 ವರ್ಷದ ಮಹಮ್ಮದ್ ಅಲಿಯನ್ನೂ ಕರೆಸಿದನು. ರಾಕಿ ಇದಕ್ಕಾಗಿ 20 ಕಿಲೋಗೂ ಹೆಚ್ಚು ತೂಕ ಇಳಿಸಿ, ಬೋಳಾಗುತ್ತಿದ್ದ ತಲೆಗೆ ಕೃತಕ ಕೂದಲು ಧರಿಸಿ ಬಂದನು. ಇಬ್ಬರೂ ಹಗುರವಾಗಿ ಗುದ್ದಾಡುತ್ತ ಹಲವು ಬಗೆಯ ಕೊನೆಗಳನ್ನು ನಟಿಸಿದರು. ಯಾವುದು ತೆರೆಗೆ ಬರುವುದೆಂದು ಅವರಿಗೂ ತಿಳಿಸಿರಲಿಲ್ಲ.

ಅದಾದ ಕೆಲವೇ ವಾರಗಳಲ್ಲಿ, ಆಗಸ್ಟ್ 31ರ ರಾತ್ರಿ, ರಾಕಿ ಹೊರಟಿದ್ದ ಪುಟ್ಟ ವಿಮಾನ ಅಯೋವಾ ರಾಜ್ಯದ ನ್ಯೂಟನ್ ಬಳಿ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ ಮೂವರೂ ಮಡಿದರು. ಮರುದಿನ ಅವನ 46ನೆಯ ಹುಟ್ಟುಹಬ್ಬ.

1970ರ ಜನವರಿ 20ರಂದು ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ತೆರೆ ಕಂಡಿತು. ಅದರಲ್ಲಿ ರಾಕಿ ಹದಿಮೂರನೆಯ ಸುತ್ತಿನಲ್ಲಿ ಅಲಿಯನ್ನು ಕೆಡವಿದನು. ಯುರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಗೆದ್ದವನು ಅಲಿ.